ಸುಣ್ಣ ಬಳಿದ ದಿನದ ಫೋಟೊ

ಶಿರಸಿಯಿಂದ ಯಲ್ಲಾಪುರದ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವಲ್ಲಿ ಎಡಕ್ಕೆ ಸಿಗುವ ಅಕ್ಕಿ ಗಿರಣಿಗೆ ಜೀನತ್ ಬಂದದ್ದು ಮದುವೆಯಾದ ಮರುವಾರ. ಗಂಡ ಮುನಾಫ್ ಗಿರಣಿಯ ಲಾರಿ ಓಡಿಸುತ್ತಿದ್ದ. "ನಾಲ್ಕು ದಿನ ನೋಡು, ಆಗದಿದ್ರೆ ಬಿಡು" ಎಂದು ಅವಳನ್ನು ಅಂಗಳದ ಕೆಲಸಕ್ಕೆ ಸೇರಿಸಿದ. ಆ ನಾಲ್ಕು ದಿನ ಗಿರಣಿ ಬಾಗಿಲು ಹಾಕುವ ತನಕವೂ ಮುಗಿಯಲಿಲ್ಲ.

ಅಂಗಳದ ಕೆಲಸವೆಂದರೆ ನಡೆಯುವ ಕೆಲಸ. ಕುಚ್ಚಲಕ್ಕಿಗೆಂದು ಬೇಯಿಸಿದ ಭತ್ತವನ್ನು ಹಬೆಯಾಡುತ್ತಿರುವಾಗಲೇ ಸಿಮೆಂಟು ಅಂಗಳಕ್ಕೆ ಸುರಿಯುತ್ತಿದ್ದರು. ಹೆಂಗಸರು ಬರಿಗಾಲಲ್ಲಿ, ಪಾದವನ್ನು ಎತ್ತದೆ, ಎಳೆಯುತ್ತ ಎಳೆಯುತ್ತ ಈ ತುದಿಯಿಂದ ಆ ತುದಿಗೆ ಹೋಗಬೇಕು. ಹಿಂದೆ ಭತ್ತದಲ್ಲಿ ಸಾಲು ಬೀಳುತ್ತದೆ, ಗದ್ದೆ ಉತ್ತ ಹಾಗೆ. ತಿರುಗಿ ಬರುವಾಗ ಹಾಕಿದ ಸಾಲನ್ನು ಮುರಿಯುತ್ತ ಬರಬೇಕು. ಮೇಲೆ ಬಿಸಿಲು, ಕೆಳಗೆ ಬೆಂದ ಭತ್ತ. ಮೊದಲ ವಾರ ಅಂಗಾಲೆಲ್ಲ ಬೊಬ್ಬೆ ಎದ್ದು ಜೀನತ್ ಗೋಡೆ ಹಿಡಿದು ಓಡಾಡಿದಳು. ಆಮೇಲೆ ಚಪ್ಪಲಿ ಹಾಕಿದರೇ ಕಾಲಿಗೆ ಸರಿಬರದಂತಾಯಿತು. ಇವತ್ತಿಗೂ ಅವಳು ಪಾದ ಎಳೆದೇ ನಡೆಯುತ್ತಾಳೆ. ಬಾಗಿಲ ಹೊರಗೆ ಆ ಸರಸರ ಕೇಳಿದರೆ ಮುನಾಫ್ ಒಳಗಿನಿಂದಲೇ, "ಬಂತು ನೋಡು ಇಸ್ತ್ರಿಪೆಟ್ಟಿಗೆ" ಎನ್ನುತ್ತಾನೆ.

ಮಗ ಶೋಯೆಬ್ ಇನ್ನೂ ಮೊಲೆಹಾಲು ಕುಡಿಯುತ್ತಿದ್ದಾಗ ಅರಬೈಲ್ ಘಟ್ಟದಲ್ಲಿ ಅಕ್ಕಿ ಹೇರಿದ ಲಾರಿ ಮಗುಚಿ ಮುನಾಫನ ಎಡಗಾಲು ನಜ್ಜುಗುಜ್ಜಾಯಿತು. ಕಾಲು ಉಳಿಯಿತು, ಲಾರಿ ಓಡಿಸುವ ಕೆಲಸ ಉಳಿಯಲಿಲ್ಲ. ಆಗ ಗಿರಣಿಯ ಒಡೆಯರಾದ ದೊಡ್ಡ ಸಾಹುಕಾರರು ಅಂಗಳದ ನಡುವೆ ನಿಂತು, ಎಲ್ಲ ಆಳುಗಳ ಎದುರು ಹೇಳಿದ್ದರು: "ಬಾಯ್ಲರಿನ ಹಿಂದಿನ ಕೋಣೆ ನಿಮ್ದು. ನೀವಿಬ್ಬರೂ ಇರೂವರೆಗೂ ಇರಿ. ಗಿರಣಿ ಕಾಯ್ಕೊಂಡಿರಿ, ಸಾಕು." ಅದಕ್ಕೆ ಕಾಗದ ಪತ್ರ ಏನೂ ಆಗಲಿಲ್ಲ. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ಸಾಹುಕಾರರ ಬಾಯಿಂದ ಬಂದ ಮಾತಿಗೆ ಕಾಗದ ಕೇಳುವುದು ಅದಕ್ಕಿಂತ ಕೀಳು ಎಂದು ಗಂಡ ಹೆಂಡತಿ ಇಬ್ಬರೂ ತಿಳಿದಿದ್ದರು. ಗಿರಣಿಯ ಕೋಣೆಗೆ ಮನೆ ನಂಬರು ಇರಲಿಲ್ಲ. ಹೀಗಾಗಿ ರೇಷನ್ ಕಾರ್ಡು, ಆಧಾರು ಎಲ್ಲವೂ ಮುನಾಫನ ಅಣ್ಣನ ಮನೆಯ ವಿಳಾಸದಲ್ಲೇ ಮುಂದುವರಿದವು. ಬದುಕು ಮಾತ್ರ ಇಲ್ಲಿ ನಡೆಯಿತು.

ಊರುಗೋಲು ಹಿಡಿದು ನಿಲ್ಲುವಂತಾದ ದಿನ ಮುನಾಫ್ ಮಾಡಿದ ಮೊದಲ ಕೆಲಸವೆಂದರೆ, ತನ್ನ ಲಾರಿಯಿಂದ ಬಿಚ್ಚಿ ತಂದಿದ್ದ ಹಗ್ಗ ಬಿಗಿಯುವ ಕೊಕ್ಕೆಯನ್ನು ಕೋಣೆಯ ತೊಲೆಗೆ ಬಡಿದದ್ದು. ಸ್ಟೂಲಿನ ಮೇಲೆ ಅವನು ಒಂಟಿಗಾಲಲ್ಲಿ, ಕೆಳಗೆ ಸ್ಟೂಲು ಹಿಡಿದುಕೊಂಡು ಜೀನತ್. ಆ ಕೊಕ್ಕೆಗೆ ಹಳೆ ಸೀರೆಯ ಜೋಲಿ ಕಟ್ಟಿ, ಅದಕ್ಕೆ ತಾನೇ ಒಮ್ಮೆ ಜೋತುಬಿದ್ದು, ಗಟ್ಟಿಯಿದೆ ಎಂದಾದ ಮೇಲೆಯೇ ಅವಳು ಶೋಯೆಬನನ್ನು ಮಲಗಿಸಿದ್ದು.

ಪ್ಯಾಕೆಟ್ ಅಕ್ಕಿಯ ಕಾಲ ಬಂತು. ಬಾಯ್ಲರು ತಣ್ಣಗಾಯಿತು. ದೊಡ್ಡ ಸಾಹುಕಾರರು ತೀರಿಕೊಂಡರು. ಗಿರಣಿಯ ಬೀಗದ ಕೈ ಜೀನತಳ ಸೆರಗಿನ ತುದಿಯಲ್ಲಿ ಉಳಿಯಿತು. ದಿನಾ ಬೆಳಗ್ಗೆ ಅಂಗಳ ಗುಡಿಸುವಳು, ಬಾವಲಿ ಓಡಿಸುವಳು, ಯಂತ್ರದ ಮೇಲಿನ ಧೂಳು ಒರೆಸುವಳು. ಇಷ್ಟಿರುವಾಗ ಸಾಹುಕಾರರ ಮಗ ಸುಭಾಷ ಒಂದು ಟ್ರಸ್ಟು ಕಟ್ಟಿ, ಗಿರಣಿಯನ್ನು ಭತ್ತದ ಮ್ಯೂಸಿಯಂ ಮಾಡುತ್ತೇವೆ ಎಂದ. ಹಳೆಯದು ಹೋಗಿ ಹೊಸದು ಬರುವುದನ್ನೆಲ್ಲ ಫೋಟೊ ತೆಗೆದು ದೊಡ್ಡದೊಂದು ಪುಸ್ತಕ ಮಾಡಲು ಹುಲೇಕಲ್ಲಿನ ಅನುಶ್ರೀಯನ್ನು ಗೊತ್ತುಮಾಡಿದ.

ಅನುಶ್ರೀ ಹೊರಗೆ ಓದಿ ಬಂದ ಹುಡುಗಿ. ಒಂದು ಹೆಗಲಿಗೆ ಕ್ಯಾಮೆರಾ, ಇನ್ನೊಂದು ಹೆಗಲಿಗೆ ಒಂಬತ್ತು ತಿಂಗಳ ಕೂಸು ಭೂಮಿಕಾ. ಬಂದ ದಿನವೇ ಅವಳ ಕಣ್ಣು ಬೆಳಕು ನೋಡುವ ಬದಲು ಅಪಾಯ ಹುಡುಕುತ್ತ ಓಡಾಡಿತು. ಭತ್ತ ನೆನೆಸುವ ತೊಟ್ಟಿಗೆ ಮುಚ್ಚಳವಿಲ್ಲ. ಮಾಳಿಗೆಯ ಮೆಟ್ಟಿಲಿಗೆ ಕೈಹಿಡಿಯಿಲ್ಲ. ನೆಲದಲ್ಲಿ ಮೊಳೆ.

"ಈ ಹೊಟ್ಟಿನ ಧೂಳು ಮಗುವಿನ ಎದೆಗೆ ಹೋದ್ರೆ?" ಎಂದು ಅವಳು ಗಾಬರಿಯಿಂದ ಕೇಳಿದಳು.

"ನನ್ನ ಮಗ ಇದೇ ಧೂಳು ತಿಂದು ದೊಡ್ಡಾಗಿದ್ದು. ಈಗ ಗೂಡ್ಸ್ ರಿಕ್ಷಾ ಓಡಿಸ್ತಾನೆ" ಎಂದಳು ಜೀನತ್. "ಕೊಡಿ ಇಲ್ಲಿ. ನೀವು ನಿಮ್ಮ ಮಿಷಿನ್ ಹಿಡ್ಕೊಳ್ಳಿ, ನಾನು ಇದನ್ನು ಹಿಡ್ಕೊಳ್ತೇನೆ."

ಅಂದೇ ಮಧ್ಯಾಹ್ನ ತೊಲೆಯ ಕೊಕ್ಕೆಗೆ ಮತ್ತೆ ಜೋಲಿ ಏರಿತು. ಜೀನತಳ ಹಸಿರು ಸೀರೆ. ಅನುಶ್ರೀ ಕೊಕ್ಕೆಯನ್ನು ದಿಟ್ಟಿಸಿ, "ಕಳಚಿ ಬಿದ್ರೆ?" ಎಂದಳು. ಜೀನತ್ ಸೀರೆಗೆ ಜೋತುಬಿದ್ದು, ಎರಡೂ ಕಾಲನ್ನು ನೆಲದಿಂದ ಎತ್ತಿ ತೋರಿಸಿದಳು. ಮುನಾಫ್ ಮೂಲೆಯಿಂದ, "ಇವಳನ್ನೇ ತಡ್ಕೊಂಡ ಕೊಕ್ಕೆ, ನಿಮ್ಮ ಕೂಸು ಅದಕ್ಕೆ ಯಾವ ಲೆಕ್ಕ?" ಎಂದ. ಮೂವರೂ ನಕ್ಕರು. ಆವತ್ತಿನಿಂದ ಜೀನತಳ ಬಾಯಲ್ಲಿ 'ಮೇಡಂ' ಹೋಗಿ 'ಅನು' ಆಯಿತು, 'ನೀವು' ಹೋಗಿ 'ನೀನು' ಬಂತು.

ಎರಡು ವರ್ಷ ಅನುಶ್ರೀ ವಾರಕ್ಕೆ ಮೂರು ನಾಲ್ಕು ದಿನ ಬಂದಳು. ಹಂಚು ಇಳಿಸಿದ್ದು, ಚಿಮಣಿಗೆ ಕಬ್ಬಿಣದ ಪಟ್ಟಿ ಬಿಗಿದದ್ದು, ಗೋಡೆ ಕೆರೆದದ್ದು, ಎಲ್ಲ ತೆಗೆದಳು. ಎರಡು ಮೂಟೆ ಭತ್ತ ಅಂಗಳದಲ್ಲಿ ಹರವಿಸಿ ಜೀನತಳನ್ನು ನಡೆಸಿದಳು. ಅವಳು ಒಲೆಯ ಮುಂದೆ ಕೂತಿದ್ದನ್ನೂ ಮುನಾಫ್ ಊರುಗೋಲಿಗೆ ರಬ್ಬರು ಕಟ್ಟುವುದನ್ನೂ ತೆಗೆದಳು. ಒಂದು ಮಧ್ಯಾಹ್ನ, ಜೋಲಿಯಲ್ಲಿ ಭೂಮಿಕಾ ಬಾಯಿ ತೆರೆದು ಮಲಗಿದ್ದಾಗ, ಹಿಂದೆ ಪಾತ್ರೆಯ ಕಪಾಟು, ಕಾಬಾದ ಕ್ಯಾಲೆಂಡರು, ಪಕ್ಕದಲ್ಲಿ ಜೋಲಿಯ ಹಗ್ಗ ಹಿಡಿದ ಜೀನತಳ ಕೈ, ಇಷ್ಟೂ ಬರುವಂತೆ ಒಂದು ಫೋಟೊ ತೆಗೆದು ಕ್ಯಾಮೆರಾದ ಹಿಂದೆ ತೋರಿಸಿದಳು. "ಇದು ನನಗೆ" ಎಂದಳು.

ಜೀನತಳ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದು ಒಂದೇ. ಅನ್ನ ಬಡಿಸುತ್ತ ಒಮ್ಮೆ ಕೇಳಿಯೂಬಿಟ್ಟಳು. "ಅನು, ಮ್ಯೂಸಿಯಂ ಆದ್ಮೇಲೆ ನಮ್ಮನ್ನು ಇಲ್ಲಿಂದ ಎಬ್ಬಿಸ್ತಾರಾ?"

"ಎಂತಕ್ಕೆ ಎಬ್ಬಿಸ್ತಾರೆ ಜೀನತಕ್ಕ? ಪುಸ್ತಕದಲ್ಲಿ ನಿಮ್ಮ ಮನೆ ಇರ್ತದಲ್ಲ. ಒಮ್ಮೆ ಅಚ್ಚಾಯ್ತು ಅಂದ್ರೆ ನೀವು ಇಲ್ಲಿ ಇರ್ಲೇ ಇಲ್ಲ ಅಂತ ಯಾರಿಗೂ ಹೇಳ್ಲಿಕ್ಕೆ ಬರೂದಿಲ್ಲ. ನಾನಿದ್ದೇನೆ."

ಆ ರಾತ್ರಿ ಜೀನತ್ ಗಂಡನಿಗೆ ಹೇಳಿದಳು: "ದೊಡ್ಡ ಸಾಹುಕಾರ್ರು ಕೊಡದ ಕಾಗದ ಈ ಹುಡುಗಿ ಕೊಡ್ತಾಳೆ. ಅದೂ ಬಣ್ಣದ್ದು."

ರಂಜಾನ್ ಹತ್ತಿರ ಬಂತು. ಹಬ್ಬಕ್ಕೆ ಮೊದಲು ಮನೆಗೆ ಸುಣ್ಣ ಬಳಿಯುವುದು ಜೀನತ್ ತಪ್ಪಿಸಿದ್ದಿಲ್ಲ. ಕೋಣೆಯಲ್ಲಿದ್ದದ್ದನ್ನೆಲ್ಲ ಅಂಗಳಕ್ಕೆ ಹೊತ್ತು ಹಾಕಿದಳು. ಟ್ರಂಕು, ಹಾಸಿಗೆ ಸುರುಳಿ, ಗ್ಯಾಸಿನ ಒಲೆ, ಡಬ್ಬಿಗಳು, ಕ್ಯಾಲೆಂಡರು. ಜೋಲಿಯನ್ನೂ ಬಿಚ್ಚಿ ಒಗೆಯಲು ನೆನೆಸಿದಳು. ಸುಣ್ಣ ಒಣಗಿ ಗೋಡೆ ಬೆಳ್ಳಗೆ ಹೊಳೆಯುವ ಹೊತ್ತಿಗೆ ಅನುಶ್ರೀ ಬಂದಳು.

"ಅನು, ಈಗ ತೆಗಿ!" ಜೀನತ್ ಕೈ ಹಿಡಿದು ಎಳೆದುಕೊಂಡೇ ಹೋದಳು. "ಇಷ್ಟು ದಿನ ತೆಗೆದದ್ರಲ್ಲೆಲ್ಲ ನನ್ನ ಕರಿ ಪಾತ್ರೆ, ಹರಕು ಕೌದಿ ಬಂದಿದೆ. ಅದನ್ನು ಪುಸ್ತಕದಲ್ಲಿ ಹಾಕಿದ್ರೆ ನನ್ನ ಮರ್ಯಾದೆ ಎಂತ ಉಳೀತದೆ ಮಾರಾಯ್ತಿ? ಯಲ್ಲಾಪುರದ ಬೀಗರು ನೋಡ್ತಾರೆ. ಹಾಕೂದಿದ್ರೆ ಇದನ್ನೇ ಹಾಕು."

ಗಾಜಿನ ಹಂಚಿನಿಂದ ಇಳಿದ ಬಿಸಿಲು ಬಿಳಿ ಗೋಡೆಯ ಮೇಲೆ ಚೌಕವಾಗಿ ಬಿದ್ದಿತ್ತು. ತೊಲೆಯಲ್ಲಿ ಕೊಕ್ಕೆ, ಕೊಕ್ಕೆಯ ನೆರಳು. ಅನುಶ್ರೀ ಕ್ಯಾಮೆರಾ ಎತ್ತಿದಳು. "ಎಂಥ ಬೆಳಕು ಜೀನತಕ್ಕ! ನೀವು ಸ್ವಲ್ಪ ಹೊರಗೆ ನಿಲ್ತೀರಾ? ನೆರಳು ಬೀಳ್ತದೆ."

ಜೀನತ್ ಹೊರಗೆ ನಿಂತಳು. ಅಂಗಳದಲ್ಲಿ ರಾಶಿ ಬಿದ್ದ ತನ್ನ ಸಂಸಾರಕ್ಕೆ ಬೆನ್ನು ಮಾಡಿ, ಹೆಮ್ಮೆಯಿಂದ.

ಹಬ್ಬ ಕಳೆದು ಕೆಲವು ತಿಂಗಳಿಗೆ ಸುಭಾಷ ಬಂದ. "ಮುನಾಫ್ ಭಾಯಿ, ಈ ಕಡೆ ವೈರಿಂಗು, ಬಣ್ಣ ಶುರು. ಅಲ್ಲಿವರೆಗೆ ಶೋಯೆಬ್ ಮನೆಗೆ ಹೋಗಿರಿ. ಮುಗಿದ ಕೂಡ್ಲೇ ಹೇಳಿ ಕಳಿಸ್ತೆ." ಬಣ್ಣ ಒಣಗಲು ಎಷ್ಟು ದಿನ ಬೇಕು? ಜೀನತ್ ಎರಡು ಟ್ರಂಕು ಮಾತ್ರ ಒಯ್ದಳು. ಉಳಿದದ್ದನ್ನು ಬಾಯ್ಲರಿನ ಬದಿಯಲ್ಲಿ ತಾಡಪಾಲು ಹೊದೆಸಿ ಇಟ್ಟಳು. ಬೀಗದ ಕೈಯನ್ನು ಸುಭಾಷನೇ ಕೇಳಿ ಇಸಿದುಕೊಂಡ. ಶೋಯೆಬ್‌ನ ಬಾಡಿಗೆ ಮನೆಯಲ್ಲಿ ಇದ್ದದ್ದು ಎರಡೇ ಕೋಣೆ, ಸೊಸೆ ಬಸುರಿ. ಮುದುಕ ಮುದುಕಿ ಅಡುಗೆಮನೆಯ ಒಲೆ ಆರಿದ ಮೇಲೆ ಅಲ್ಲೇ ಚಾಪೆ ಹಾಸುತ್ತಿದ್ದರು. "ಇನ್ನೆಂತ, ಬಣ್ಣ ಒಣಗ್ತಾ ಬಂದಿರ್ಬೇಕು" ಎಂದು ಜೀನತ್ ಪ್ರತಿ ಶುಕ್ರವಾರ ಹೇಳುತ್ತಿದ್ದಳು. ಕರೆ ಬರಲಿಲ್ಲ. ಬಂದದ್ದು ಮ್ಯೂಸಿಯಂ ಉದ್ಘಾಟನೆಯ ಆಮಂತ್ರಣ.

ಜೀನತ್ ಮಗನ ಮದುವೆಗೆ ಉಟ್ಟ ಸೀರೆ ಉಟ್ಟಳು. ಅಂಗಳಕ್ಕೆ ಶಾಮಿಯಾನ ಹಾಕಿದ್ದರು. ಭಾಷಣ ಆಯಿತು. 'ಗಿರಣಿಯ ಹಿರಿಯ ಕೆಲಸಗಾರರ ಪರವಾಗಿ' ಎಂದು ಅವಳನ್ನು ವೇದಿಕೆಗೆ ಕರೆದು, ಶಾಲು ಹೊದೆಸಿ, ಒಂದು ಪುಸ್ತಕ ಕೊಟ್ಟರು. 'ಹೊಟ್ಟು ಮತ್ತು ಬೆಳಕು' ಎಂದು ಅದರ ಹೆಸರು. ಎಷ್ಟು ಭಾರವೆಂದರೆ ಕೂಸನ್ನು ಎತ್ತಿದ ಹಾಗೆ ಎರಡು ಕೈ ಬೇಕು. ಕೆಳಗೆ ಬಂದು, ಮುನಾಫನ ಪಕ್ಕದ ಕುರ್ಚಿಯಲ್ಲಿ ಕೂತು ಮಡಿಲಲ್ಲಿಟ್ಟು ತೆರೆದಳು.

ಬಾಯ್ಲರು ಇತ್ತು. ಬೆಲ್ಟು, ಗಾಲಿ, ಚಿಮಣಿ ಇದ್ದವು. ಬಿಸಿಲಿನಲ್ಲಿ ಹಾರುವ ಹೊಟ್ಟು ಇತ್ತು. ಒಂದು ಪುಟದ ತುಂಬ ಭತ್ತದ ಸಾಲಿನ ನಡುವೆ ಎರಡು ಪಾದ. ಒಡೆದ ಹಿಮ್ಮಡಿ ನೋಡಿ ಜೀನತ್ ತನ್ನದೇ ಎಂದು ಗುರುತಿಸಿದಳು. ಕಣಕಾಲಿನಿಂದ ಮೇಲೆ ಅವಳಿರಲಿಲ್ಲ.

"ತಿರುಗಿಸು ತಿರುಗಿಸು, ಮುಂದೆ ತಲೆ ಸಿಗ್ತದೆ" ಎಂದ ಮುನಾಫ್.

ತಲೆ ಸಿಗಲಿಲ್ಲ. ಒಲೆ, ಊರುಗೋಲು, ಯಾವುದೂ ಇರಲಿಲ್ಲ. ಕೊನೆಗೆ ಎರಡು ಪುಟ ಸೇರಿಸಿ ಒಂದೇ ಚಿತ್ರ. ಬೆಳ್ಳಗಿನ ಕೋಣೆ, ಚೌಕದ ಬಿಸಿಲು, ಕೊಕ್ಕೆ. "ನಮ್ಮನೆ!" ಎಂದು ಜೀನತ್ ಮುಖ ಅರಳಿಸಿ, ಕೆಳಗಿನ ಸಾಲಿಗೆ ಬೆರಳಿಟ್ಟಳು. ಯಲ್ಲಾಪುರದ ಕನ್ನಡ ಶಾಲೆಯಲ್ಲಿ ನಾಲ್ಕರವರೆಗೆ ಓದಿದವಳು. ಅಕ್ಷರ ಅಕ್ಷರವೇ ಜೋಡಿಸಿಕೊಂಡು ಓದಿದಳು: "ಬಾಯ್ಲರಿನ ಹಿಂದಿನ ಕೋಣೆ. ಗಿರಣಿ ನಿಂತಂದಿನಿಂದ ಖಾಲಿ. ತೊಲೆಯಲ್ಲಿ ತಕ್ಕಡಿ ನೇತುಹಾಕುತ್ತಿದ್ದ ಕೊಕ್ಕೆ."

ಇನ್ನೊಮ್ಮೆ ಓದಿದಳು. ಓದಿದ್ದು ತಪ್ಪಾಗಿರಬೇಕು ಎಂದು ಗಂಡನ ಕಡೆ ಪುಸ್ತಕ ಸರಿಸಿದಳು. ಮುನಾಫ್ ಓದಿ, "ಹಾಗಾದ್ರೆ ಇಷ್ಟು ವರ್ಷ ಅಲ್ಲಿ ಇದ್ದದ್ದು ಜಿನ್ನು" ಎಂದ. "ನೋಡು, ನೀನೊಂದು ಹೆಣ್ಣು ಜಿನ್ನು, ನಾನೊಂದು ಕುಂಟ ಜಿನ್ನು." ನಗಿಸಲು ಹೋದವನೇ ಪುಸ್ತಕ ಮುಚ್ಚಿಬಿಟ್ಟ.

ಇಬ್ಬರೂ ಎದ್ದು ಬಾಯ್ಲರಿನ ಹಿಂದಕ್ಕೆ ಹೋದರು. ಕೋಣೆಯ ಹಳೆ ಬಾಗಿಲು ಕಿತ್ತು ಗಾಜಿನ ಬಾಗಿಲು ಹಾಕಿದ್ದರು. ಒಳಗೆ ಮರದ ಬೆಂಚು, ಪುಸ್ತಕ ಮಾರುವ ಮೇಜು, ಗೋಡೆಯಲ್ಲಿ ಅದೇ ಕೋಣೆಯ ದೊಡ್ಡ ಫೋಟೊ. ಕೊಕ್ಕೆ ಮಾತ್ರ ಇದ್ದಲ್ಲೇ ಇತ್ತು. ಸುಭಾಷ ಯಾರಿಗೋ ಕೈ ಮುಗಿದು ಕಳಿಸಿ ಇವರ ಕಡೆ ತಿರುಗಿದ.

"ಸುಭಾಷಣ್ಣ, ಇದೆಂತ ಹೀಗಾಗಿದೆ? ನಾವು ಯಾವಾಗ ಬರೂದು?" ಎಂದ ಮುನಾಫ್.

"ಇನ್ನೆಲ್ಲಿ ಬರೂದು ಭಾಯಿ? ಜನ ಟಿಕೆಟ್ ತಗೊಂಡು ಬರೂ ಜಾಗ. ನಿಮ್ಮ ಪಾತ್ರೆ ಪಗಡೆ ಶೋಯೆಬ್ ಬಂದು ಒಯ್ಲಿ."

"ಅಪ್ಪ ಎಲ್ಲರ ಎದುರು ಹೇಳಿದ್ರು..."

"ಅಪ್ಪ ಹೇಳಿದ್ದು ನನಗೆ ಗೊತ್ತಿದೆ. ಟ್ರಸ್ಟಿನವರಿಗೆ ಗೊತ್ತಿಲ್ಲ. ಗಿರಣಿ ನಿಂತ ಮೇಲೆ ಕೋಣೆ ಖಾಲಿ ಅಂತ ಪುಸ್ತಕದಲ್ಲೇ ಇದೆ, ಅವರು ನೋಡಿಯಾಗಿದೆ. ಈಗ ನಾನು ಬೇರೆ ಹೇಳಿದ್ರೆ ನಗೂದಿಲ್ವಾ?" ಎಂದು ಸುಭಾಷ ಇನ್ನೊಬ್ಬರಿಗೆ ಕೈ ಮುಗಿಯಲು ಹೋದ.

ಜೀನತ್ ಪಾದ ಎಳೆಯುತ್ತ ಅಂಗಳಕ್ಕೆ ಬಂದು ಅನುಶ್ರೀಯನ್ನು ಹುಡುಕಿದಳು. ನೆನೆಸುವ ತೊಟ್ಟಿಯ ಹತ್ತಿರ ಸಿಕ್ಕಳು. ತೊಟ್ಟಿಗೆ ಈಗ ಕಬ್ಬಿಣದ ಜಾಲರಿ ಹಾಕಿದ್ದರೂ ಮಗಳ ಅಂಗಿ ಹಿಡಿದು, "ಅಲ್ಲಿ ಹೋಗಡ ಕೂಸೆ, ಬೀಳ್ತೆ!" ಎಂದು ಜಗ್ಗುತ್ತಿದ್ದಳು. ಭೂಮಿಕಾ ಜೀನತಳನ್ನು ನೋಡಿ, ಅರೆಗಳಿಗೆ ಯೋಚಿಸಿ, ಎರಡೂ ಕೈ ಚಾಚಿದಳು. ಅನುಶ್ರೀ ಮಗಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು.

"ಅನು, ಕೋಣೆ ಖಾಲಿ ಅಂತ ಬರೆದದ್ದು ಯಾರು?"

"ಜೀನತಕ್ಕ... ಪುಸ್ತಕದ ಕೆಲಸ ಅಂದ್ರೆ ನನ್ನೊಬ್ಬಳ ಕೈಯಲ್ಲಿ ಇರೂದಿಲ್ಲ. ಜನ ಇರೂ ಫೋಟೊ ಬೇಡ ಅಂದ್ರು ಸುಭಾಷ್. ಕಟ್ಟಡದ ಪುಸ್ತಕ, ಕಟ್ಟಡವೇ ಇರ್ಲಿ ಅಂದ್ರು. ನಿಮಗೆ ಬೇರೆ ಕಡೆ ವ್ಯವಸ್ಥೆ ಮಾಡಿದ್ದಾರೆ ಅಂದುಕೊಂಡೆ. ಮತ್ತೆ ಆ ಫೋಟೊ... ಇದನ್ನೇ ಹಾಕು ಅಂತ ನೀವೇ ಹೇಳಿದ್ರಲ್ಲ."

ಆ ಮಾತು ಜೀನತಳ ಎದೆಗೆ ನಾಟಿತು. ಹೌದು, ತಾನೇ ಹೇಳಿದ್ದು. ಕರಿ ಪಾತ್ರೆಗೆ ನಾಚಿ, ಬದುಕನ್ನೆಲ್ಲ ತನ್ನ ಕೈಯಾರೆ ಹೊರಗೆ ಹೊತ್ತು ಹಾಕಿ, ಬಾಗಿಲ ಹೊರಗೆ ನಿಂತು ತೆಗೆಸಿದ್ದು.

"ಫೋಟೊ ನಾನು ಹೇಳಿದ್ದು. ಅಕ್ಷರ ನಾನು ಹೇಳಿದ್ನಾ?" ಎಂದಳು. "ತಕ್ಕಡಿ ಕೊಕ್ಕೆ ಅಂತೆ. ಅದರಲ್ಲಿ ಎರಡು ವರ್ಷ ಮಲಗಿದ್ದು ಎಂತ, ಅಕ್ಕಿ ಮೂಟೆಯಾ? ಉಂಡ ಮನೆಯ ಜಂತೆ ಎಣಿಸಬಾರದು ಅಂತಾರೆ. ನೀನು ಎಣಿಸ್ಲೇ ಇಲ್ಲ. ಮನೆಯೇ ಇರ್ಲಿಲ್ಲ ಅಂದುಬಿಟ್ಟೆ."

ಅನುಶ್ರೀಯ ಕಣ್ಣು ತುಂಬಿತು. ಸುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದೂ ಅದೇ ಕಣ್ಣು ಹುಡುಕಿತು.

"ಅಳಬೇಡ. ನನಗೆ ಪುಸ್ತಕ ಬೇಡ. ಜೋಲಿಯ ಫೋಟೊ ಇದೆಯಲ್ಲ, ಕೂಸು ಮಲಗಿದ್ದು, ಹಿಂದೆ ನನ್ನ ಕಪಾಟು ಇದ್ದದ್ದು. ಅದೊಂದು ಕೊಡು. ಟ್ರಸ್ಟಿನವರಿಗೆ ಅದನ್ನು ತೋರಿಸ್ತೇನೆ."

"ಕಳಿಸ್ತೇನೆ ಜೀನತಕ್ಕ. ಹುಡುಕಬೇಕು. ಖಂಡಿತ ಕಳಿಸ್ತೇನೆ."

ಮಳೆಗಾಲ ಬಂದು ಹೋಯಿತು. ಜೀನತ್ ಫೋನ್ ಮಾಡಿದರೆ ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಸೊಸೆ ಹೆತ್ತಳು. ಅಡುಗೆಮನೆಯಲ್ಲೂ ಮಲಗಲು ಜಾಗವಿಲ್ಲದೆ ಮುನಾಫ್ ಜಗಲಿಗೆ ಬಂದ. ಆಮೇಲೊಂದು ದಿನ ಶೋಯೆಬ್‌ನ ಮೊಬೈಲಿಗೆ ಅನುಶ್ರೀಯಿಂದ ಫೋಟೊ ಬಂತು. ಜೀನತ್ ಕೈ ಒರೆಸಿಕೊಂಡು ಓಡಿಬಂದಳು.

ಭೂಮಿಕಾ ಬಾಯಿ ತೆರೆದು ಮಲಗಿದ್ದಳು. ಮುಖ, ಒಂದು ಮುಷ್ಟಿ, ಹಸಿರು ಸೀರೆಯ ಒಂದು ಮಡಿಕೆ. ಅಷ್ಟೇ. ಕಪಾಟು ಇರಲಿಲ್ಲ, ಕ್ಯಾಲೆಂಡರು ಇರಲಿಲ್ಲ, ಹಗ್ಗ ಹಿಡಿದ ಕೈ ಮಣಿಕಟ್ಟಿನ ಮೊದಲೇ ಮಾಯ. ಸುತ್ತಲೂ ಕತ್ತರಿಸಿ ಕೂಸನ್ನಷ್ಟೇ ಉಳಿಸಿ ಕಳಿಸಿದ್ದಳು. ಕೆಳಗೆ ಎರಡು ಕೈ ಮುಗಿದ ಚಿತ್ರ.

"ಸೀರೆ ನಿಂದೇ ಅಲ್ವಾ?" ಎಂದ ಮುನಾಫ್, ಆಸೆಯಿಂದ.

"ನಂದೇ. ಆದ್ರೆ ಸೀರೆ ಬಾಯಿ ಬಿಟ್ಟು ಹೇಳ್ತದಾ?"

ಅವಳು ಅಳಲಿಲ್ಲ. ಸುಭಾಷ ಒಂದು ಇಟ್ಟಿಗೆಯ ಗೋಡೆ. ಗೋಡೆ ಗುದ್ದಿದರೆ ನೋವಾಗುತ್ತದೆ ಎಂದು ಮೊದಲೇ ಗೊತ್ತಿರುತ್ತದೆ. ಇದು ಹಾಗಲ್ಲ. ಅನುವಿಗೇ ಜ್ವರ ಬಂದಾಗ ಹಣೆಗೆ ಒದ್ದೆಬಟ್ಟೆ ಹಾಕಿದ ಕೈ ಅದು. ಆ ಕೈಯನ್ನೇ ನೋಡಿ, ಎಲ್ಲಿ ಕತ್ತರಿಸಬೇಕೆಂದು ಯೋಚಿಸಿ, ಕತ್ತರಿಸಿದ್ದಾಳೆ.

ಟ್ರಂಕಿನ ತಳದಿಂದ ಹಸಿರು ಸೀರೆ ತೆಗೆದು ಜೀನತ್ ಚೀಲಕ್ಕೆ ಹಾಕಿದಳು. "ಎಲ್ಲಿಗೆ?" ಎಂದ ಮುನಾಫ್. "ಮನೆಗೆ" ಎಂದಳು.

ಮ್ಯೂಸಿಯಮ್ಮಿನ ಗೇಟಿನಲ್ಲಿ ಬೀರ ಇದ್ದ. ಒಂದು ಕಾಲದಲ್ಲಿ ಅಂಗಳದಲ್ಲಿ ಅವಳ ಜೊತೆ ಮೂಟೆ ಹೊರುತ್ತಿದ್ದವನು, ಈಗ ಕಾವಲುಗಾರನ ಅಂಗಿ ತೊಟ್ಟಿದ್ದ. "ಅಕ್ಕ, ನಿಂಗೆಂತ ಟಿಕೆಟು, ಹೋಗು" ಎಂದ. "ಬೇಡ. ನಾನು ಈ ಮನೆಯವಳಲ್ಲ" ಎಂದು ಅವಳು ಟಿಕೆಟ್ ತೆಗೆದುಕೊಂಡೇ ಒಳಗೆ ಹೋದಳು.

ದಾರಿಗೆಂದು ಮೆಟ್ಟಿ ಬಂದಿದ್ದ ಚಪ್ಪಲಿ ಹೊರಗೆ ಬಿಟ್ಟಳು. ಕೋಣೆಯ ಬೆಂಚನ್ನು ತೊಲೆಯ ಕೆಳಗೆ ಎಳೆದು ಹತ್ತಿದಳು. ಕೊಕ್ಕೆಗೆ ಸೀರೆ ಸುತ್ತಿ, ಗಂಟು ಬಿಗಿದು, ಮಡಿಕೆ ಬಿಡಿಸಿ, ಇಳಿದು, ಅಭ್ಯಾಸದಂತೆ ಅದಕ್ಕೆ ಜೋತುಬಿದ್ದು ಎರಡೂ ಕಾಲು ಎತ್ತಿದಳು. ತಡೆಯಿತು. ಗೋಡೆಯ ಮೇಲೆ ಖಾಲಿ ಕೋಣೆಯ ಫೋಟೊ, ಅದರ ಮುಂದೆ ಖಾಲಿ ಜೋಲಿ ಮೆಲ್ಲಗೆ ಆಡುತ್ತಿತ್ತು.

ಬೀರ ಬಾಗಿಲಲ್ಲಿ ಬಂದು ನಿಂತು ಬಾಯಿ ಬಿಟ್ಟ. "ಎಂತ ಮಾಡ್ದೆ ಅಕ್ಕ? ಸಂಜೆ ಸುಭಾಷಣ್ಣ ಬಂದ್ರೆ ಬಿಚ್ಚಬೇಕಾಗ್ತದೆ ನಾನು."

"ಬಿಚ್ಚು. ನಾಳೆ ಇನ್ನೊಂದು ತರ್ತೇನೆ. ನನ್ನ ಟ್ರಂಕಿನಲ್ಲಿ ಹಳೆ ಸೀರೆಗೆಂತ ಬರಗಾಲವಾ?"

"ಅಲ್ಲ, ಈಗ ಶಾಲೆ ಮಕ್ಕಳ ಬಸ್ಸು ಬರ್ತಾ ಇದೆ. ಇದೆಂತ ಅಂತ ಕೇಳಿದ್ರೆ ಏನು ಹೇಳ್ಲಿ?"

ಜೀನತ್ ಬೆಂಚನ್ನು ಮೊದಲಿದ್ದ ಜಾಗಕ್ಕೆ ಸರಿಸಿ, ಅದರ ಮೇಲೆ ಬಿದ್ದ ತನ್ನ ಪಾದದ ಧೂಳನ್ನು ಸೆರಗಿನಿಂದ ಒರೆಸಿದಳು.

"ತಕ್ಕಡಿ ಅಂತ ಹೇಳು. ಪುಸ್ತಕದಲ್ಲಿ ಹಾಗೇ ಇದೆಯಲ್ಲ."